ಮಿನುಗೋದು ನಕ್ಷತ್ರವಲ್ಲ, ನಮ್ಮ ಗಾಳಿ

ಆಕಾಶದಲ್ಲಿ ಒಂದು ಬೆಳಕು ಕೆಂಪು, ಹಸಿರು, ನೀಲಿ ಅಂತ ಬಣ್ಣ ಬದಲಿಸೋ ವಿಡಿಯೊ ನಿಮಗೂ ಬಂದಿರಬಹುದು. ಜೊತೆಗೆ 'ಇದು ಡ್ರೋನಾ, ಏಲಿಯನ್ನಾ?' ಅನ್ನೋ ಪ್ರಶ್ನೆ. ನನಗೆ ಬಂದ ಇಂಥ ವಿಡಿಯೊಗಳಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಲುಬ್ಧಕದ ಮೇಲೆ. ಅದೇ, ಸಿರಿಯಸ್. ರಾತ್ರಿಯ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯೋ ನಕ್ಷತ್ರ.

ಜನವರಿ ಸಂಜೆ ಏಳರ ಸುಮಾರಿಗೆ ಟೆರೇಸಿಗೆ ಹೋಗಿ. ಪೂರ್ವದಲ್ಲಿ ಒರಾಯನ್ ಪುಂಜದ ಮೂರು ನಕ್ಷತ್ರ ಸಾಲಾಗಿ ಕಾಣುತ್ತವೆ. ಆ ಸಾಲನ್ನೇ ಕೆಳಗೆ ಎಳೆದರೆ ಲುಬ್ಧಕ. ಅಷ್ಟು ಕೆಳಗಿರುವಾಗ ಅದರ ಬೆಳಕು ಗಾಳಿಯೊಳಗೆ ಓರೆಯಾಗಿ ತುಂಬಾ ದೂರ ಸಾಗಬೇಕು. ದಿಗಂತದ ಅಂಚಿನಲ್ಲಂತೂ ನೆತ್ತಿಗಿಂತ ಸುಮಾರು 38 ಪಟ್ಟು ಗಾಳಿ ಅಡ್ಡ ಇರುತ್ತೆ. ಬಿಸಿ ಗಾಳಿ, ತಣ್ಣನೆ ಗಾಳಿ ಕಲೆಸಿಕೊಳ್ತಾ ಬೆಳಕನ್ನ ಕ್ಷಣಕ್ಷಣಕ್ಕೂ ಆಚೀಚೆ ಬಾಗಿಸುತ್ತೆ. ನೀಲಿ ಬೆಳಕು ಕೆಂಪಿಗಿಂತ ಸ್ವಲ್ಪ ಜಾಸ್ತಿ ಬಾಗೋದ್ರಿಂದ ಒಮ್ಮೆ ಕೆಂಪು, ಒಮ್ಮೆ ನೀಲಿ ಕಣ್ಣಿಗೆ ಬೀಳುತ್ತೆ. ಕಾದ ದೋಸೆ ಹೆಂಚಿನ ಮೇಲಿಂದ ನೋಡಿದರೆ ಆಚೆಯ ಗೋಡೆ ನಡುಗುತ್ತಲ್ಲ, ಅದೇ ಆಟ.

ಫೋನಲ್ಲಿ ಜೂಮ್ ಮಾಡಿದ್ರೆ ಫೋಕಸ್ ತಪ್ಪಿ ಚುಕ್ಕಿ ದುಂಡನೆ ತಟ್ಟೆ ಆಗುತ್ತೆ. ಅದನ್ನ ಗ್ರಹ ಅಂದ್ಕೊಂಡು ಸ್ಟೇಟಸ್ ಹಾಕಬೇಡಿ!

ನಿಜವಾದ ಗುರುಗ್ರಹ ಇಷ್ಟು ಮಿನುಗಲ್ಲ. ಬರಿಗಣ್ಣಿಗೆ ಅದೂ ಚುಕ್ಕಿಯೇ, ಆದರೆ ಆಕಾಶದಲ್ಲಿ ಅದರ ಅಗಲ ಲುಬ್ಧಕಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಒಂದು ಭಾಗದ ಬೆಳಕು ಮಂಕಾದ್ರೆ ಇನ್ನೊಂದು ಭಾಗದ್ದು ಸರಿದೂಗಿಸುತ್ತೆ. ಹಾಗಂತ ಶಾಲೆಯಲ್ಲಿ ಕಲಿತ 'ಗ್ರಹ ಮಿನುಗುವುದಿಲ್ಲ' ಅನ್ನೋದನ್ನ ಪೂರ್ತಿ ನಂಬಬೇಡಿ. ದಿಗಂತಕ್ಕೆ ತೀರಾ ಹತ್ತಿರ ಇದ್ದಾಗ ಶುಕ್ರನೂ ಮಿನುಗೋದುಂಟು.

ನಮಗೆ ಚೆಂದ ಕಾಣೋ ಈ ಮಿನುಗು ಖಗೋಳ ವಿಜ್ಞಾನಿಗಳಿಗೆ ತಲೆನೋವು, ಚಿತ್ರವೆಲ್ಲ ಕಲಸಿಹೋಗುತ್ತೆ. ಅದಕ್ಕೇ ಎತ್ತರದ ಜಾಗ ಹುಡುಕ್ತಾರೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ನೂರಕ್ಕೆ ಸುಮಾರು 40ರಷ್ಟು ಗಾಳಿ ಅದರ ಕೆಳಗೇ ಉಳಿದುಹೋಗುತ್ತೆ. ಅದನ್ನ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಬೆಂಗಳೂರು ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ನಿಮಗೆ ಅಷ್ಟು ದೂರ ಹೋಗೋ ಕೆಲಸ ಇಲ್ಲ. ಏಳಕ್ಕೆ ನೋಡಿದ ಲುಬ್ಧಕವನ್ನ ಹತ್ತೂವರೆಗೆ ಇನ್ನೊಮ್ಮೆ ನೋಡಿ. ಮೇಲೇರಿರುತ್ತೆ, ಬಣ್ಣದಾಟ ಕಮ್ಮಿಯಾಗಿ ಬೆಳ್ಳಗೆ ಕಾಣುತ್ತೆ. ಡ್ರೋನ್ ಆಗಿದ್ರೆ ಅಷ್ಟೊತ್ತಿಗೆ ಬ್ಯಾಟರಿ ಖಾಲಿಯಾಗಿ ಎಲ್ಲೋ ಇಳಿದಿರುತ್ತೆ.