ಔಷಧ ಕಂಡುಹಿಡಿಯುವವರು ನಮ್ಮ ಮನೆಗಳಿಂದಲೂ ಬರಲಿ

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಮಾವೇಶದಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಪ್ರತಿವರ್ಷ ನೀಟ್ ಫಲಿತಾಂಶ ಬಂದಾಗ ನಮ್ಮ ಅನೇಕ ಮನೆಗಳಲ್ಲಿ ದುಃಖ ಮಡುಗಟ್ಟುತ್ತದೆ. ವೈದ್ಯಕೀಯ ಸೀಟು ಸಿಗದ ಮಗಳ ಪುಸ್ತಕಗಳು ಮೂಲೆ ಸೇರುತ್ತವೆ, ವರಾನ್ವೇಷಣೆ ಆರಂಭವಾಗುತ್ತದೆ. ಮಗನಾದರೆ ಅಂಗಡಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಡುತ್ತಾನೆ. ಜೀವಶಾಸ್ತ್ರ ಕಲಿತವರಿಗೆ ವೈದ್ಯರಾಗುವುದೊಂದೇ ದಾರಿ ಎಂಬ ತಪ್ಪು ಕಲ್ಪನೆಯೇ ಇದಕ್ಕೆ ಕಾರಣ.

ವೈದ್ಯರು ಬರೆದುಕೊಡುವ ಔಷಧವನ್ನು ಕಂಡುಹಿಡಿಯುವವರು ಯಾರು? ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ ಬ್ರಿಟನ್ ಮಂಜೂರು ಮಾಡಿದ ಲಸಿಕೆಯ ಹಿಂದೆ ಉಗುರ್ ಶಾಹಿನ್ ಮತ್ತು ಓಝ್ಲೆಮ್ ತುರೆಜಿ ಎಂಬ ದಂಪತಿಯಿದ್ದರು. ಇಬ್ಬರೂ ಜರ್ಮನಿಗೆ ವಲಸೆ ಬಂದ ತುರ್ಕಿ ಕುಟುಂಬಗಳ ಮಕ್ಕಳು. ಶಾಹಿನ್‌ರ ತಂದೆ ಕಾರು ಕಾರ್ಖಾನೆಯ ಕಾರ್ಮಿಕರಾಗಿದ್ದರು.

ಇನ್ಸುಲಿನ್ ತಯಾರಿಕೆಯನ್ನೇ ನೋಡಿ. ಮಾನವ ಇನ್ಸುಲಿನ್‌ನ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸುವವನು ಜೀವವಿಜ್ಞಾನಿ. ಆ ಜೀವಿಗಳು ಬೆಳೆಯುವ ಬೃಹತ್ ತೊಟ್ಟಿಯ ಉಷ್ಣತೆ, ಆಮ್ಲಜನಕ, ಆಮ್ಲೀಯತೆಗಳನ್ನು ನಿಯಂತ್ರಿಸಲು ಕೆಮಿಕಲ್ ಮತ್ತು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್‌ಗಳು ಬೇಕು. ಗುಣಮಟ್ಟ ಪರೀಕ್ಷೆಗೆ ಸೂಕ್ಷ್ಮಜೀವಿ ತಜ್ಞರು, ಮಾಹಿತಿಯ ವಿಶ್ಲೇಷಣೆಗೆ ಕಂಪ್ಯೂಟರ್ ತಜ್ಞರು ಬೇಕು. ಒಂದು ಔಷಧದ ಹಿಂದೆ ಇಷ್ಟೊಂದು ಉದ್ಯೋಗಗಳಿವೆ.

ಇದಕ್ಕಾಗಿ ದೂರ ಹೋಗಬೇಕಿಲ್ಲ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, 1978ರಲ್ಲಿ ಆರಂಭವಾದ ಬಯೋಕಾನ್ ಬೆಂಗಳೂರಿನಲ್ಲಿವೆ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮೈಸೂರಿನಲ್ಲಿದೆ.

ಆದರೆ ಒಂದು ಎಚ್ಚರಿಕೆ. ಬಯೋಟೆಕ್ನಾಲಜಿ ಎಂಬ ಆಕರ್ಷಕ ಹೆಸರಿನ ಪದವಿ ಮಾತ್ರದಿಂದ ಒಳ್ಳೆಯ ಉದ್ಯೋಗ ದೊರೆಯದು. ಪ್ರಯೋಗಾಲಯವಿಲ್ಲದ ಕಾಲೇಜಿಗೆ ಶುಲ್ಕ ಕಟ್ಟುವ ಮುನ್ನ ಯೋಚಿಸಿ. ಬಿ.ಎಸ್ಸಿ. ನಂತರ ಜಾಮ್ ಪರೀಕ್ಷೆಯ ಮೂಲಕ ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬಹುದು. ಗೇಟ್ ಪರೀಕ್ಷೆಯಲ್ಲಿ ಜೀವವಿಜ್ಞಾನ, ಜೈವಿಕ ತಂತ್ರಜ್ಞಾನಗಳೊಂದಿಗೆ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್ ಕೂಡ ಇದೆ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಕಿರಿಯ ಸಂಶೋಧಕರಾಗಿ ಆಯ್ಕೆಯಾದವರ ಮಾಸಿಕ ವೇತನವನ್ನು 2023ರಲ್ಲಿ 37,000 ರೂಪಾಯಿಗೆ ಏರಿಸಲಾಯಿತು. ಅಂದರೆ ಸಂಶೋಧನೆ ಮಾಡುವವರು ಮನೆಗೆ ಹೊರೆಯಲ್ಲ.

ದೇಶದ ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಈ ಕೊರತೆ ತುಂಬಲು ನೆರವಾಗಬೇಕಿದ್ದ ಸರಕಾರ, ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇದು ಅನ್ಯಾಯ, ಪ್ರತಿಭಟಿಸಲೇಬೇಕು. ಆದರೆ ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಡವೇ? ಒಂದು ಮದುವೆಯ ಭೋಜನಕ್ಕೆ ಲಕ್ಷಗಟ್ಟಲೆ ಸುರಿಯುವ ಸಮುದಾಯಕ್ಕೆ ಒಬ್ಬ ಹೆಣ್ಣುಮಗಳ ಎರಡು ವರ್ಷದ ಎಂ.ಎಸ್ಸಿ. ದುಬಾರಿಯಾಗಿ ಕಾಣುವುದೇಕೆ?

ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯಲ್ಲಿ ವಿಜ್ಞಾನ ಕಲಿಯುವ ಮಕ್ಕಳ ಪಟ್ಟಿ ತಯಾರಿಸಲಿ. ಝಕಾತ್‌ಗೆ ಅರ್ಹರಾದ ಬಡ ವಿದ್ಯಾರ್ಥಿಗಳಿಗೆ ಒಂದು ವರ್ಷವಲ್ಲ, ಕಲಿಕೆ ಮುಗಿಯುವವರೆಗೆ ನೆರವು ಸಿಗಲಿ. ಪರೀಕ್ಷೆಗಳ ಅರ್ಜಿ ದಿನಾಂಕಗಳನ್ನು ಮಸೀದಿಯ ಫಲಕದಲ್ಲಿ ಹಾಕಲಿ.

ಪ್ರತಿಯೊಂದು ರೋಗಕ್ಕೂ ಔಷಧವಿದೆಯೆಂದು ಪ್ರವಾದಿ(ಸ) ಕಲಿಸಿದರು. ಶ್ವಾಸಕೋಶದ ಮೂಲಕ ರಕ್ತ ಸಾಗುವ ಬಗೆಯನ್ನು 13ನೇ ಶತಮಾನದಲ್ಲೇ ವಿವರಿಸಿದ ಇಬ್ನುನ್ನಫೀಸ್‌ರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಅವರಂತೆ ಹುಡುಕಾಟ ನಡೆಸುವವರನ್ನು ಬೆಳೆಸಬೇಕು. ಅಲ್ಲಾಹನು ಅದಕ್ಕೆ ನಮ್ಮೆಲ್ಲರಿಗೂ ತೌಫೀಕ್ ನೀಡಲಿ.