ಐಡಿಯಾ ಇತ್ತು, ಕಂಪನಿ ಇರಲಿಲ್ಲ

ಮದ್ದೂರು ಕಡೆ ಯಾವ ಆಲೆಮನೆಗೆ ಹೋದ್ರೂ ಹೇಳ್ತಾರೆ, ಕೊಪ್ಪರಿಗೆಯಲ್ಲಿ ಪಾಕದ ಹದ ತಪ್ಪಿದ್ರೆ ಬೆಲ್ಲ ಕೆಡುತ್ತೆ ಅಂತ. ಮಳವಳ್ಳಿಯ ನನ್ನ ಗೆಳೆಯ ಆ ಹದ ಹೇಳೋ ಸೆನ್ಸರ್ ಮಾಡ್ತಿದ್ದ. ಬಿಕಾಂ ಓದಿದ ನಾನೇ ಸಲಹೆ ಕೊಟ್ಟೆ: "ಮಗಾ, ಸದ್ಯಕ್ಕೆ ನಿನ್ನ ಹೆಸರಲ್ಲೇ ಜಿಎಸ್‌ಟಿ ಮಾಡಿಸ್ಕೋ, ಸಾಕು."

ಸಾಕಾಗಲಿಲ್ಲ. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯ್ತು, ಒಟ್ಟು 945 ಕೋಟಿ ರೂಪಾಯಿ. ಮಾದರಿ ಮಾಡಿ ಪರೀಕ್ಷಿಸೋಕೆ 20 ಲಕ್ಷದವರೆಗೆ ಅನುದಾನ. ಸಾಲ ಅಲ್ಲ, ವಾಪಸ್ ಕಟ್ಟಬೇಕಿಲ್ಲ. ಆದ್ರೆ ಒಬ್ಬರ ಹೆಸರಿನ ಪ್ರೊಪ್ರೈಟರ್‌ಶಿಪ್‌ಗೆ ಅದು ಸಿಗಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆ ಬೇಕು, ಜೊತೆಗೆ ಡಿಪಿಐಐಟಿ ಮಾನ್ಯತೆ. ಹಾಗಂತ ಆತುರವೂ ಬೇಡ: ಅರ್ಜಿ ಹಾಕುವಾಗ ಕಂಪನಿಗೆ 2 ವರ್ಷ ದಾಟಿರಬಾರದು. ದುಡ್ಡು ಒಂದೇ ಸಲ ಬರಲ್ಲ. ಇನ್‌ಕ್ಯುಬೇಟರ್ ಮೂಲಕ, ಕೆಲಸ ಮುಗಿದಂತೆ ಕಂತು ಕಂತಾಗಿ ಬರುತ್ತೆ. ನಮ್ಮ ರಾಜ್ಯದ್ದು 'ಎಲಿವೇಟ್', ಅಲ್ಲಿ 50 ಲಕ್ಷದವರೆಗೆ.

ಗೆಳೆಯ ಒಂದು ಹಂಗಾಮು ಕಳ್ಕೊಂಡ. ನನ್ನ ಬೈಲಿಲ್ಲ, ಅದೇ ಚುಚ್ಚುತ್ತೆ. ಮಂಡ್ಯದ ಹುಡುಗ್ರೇ, ಹುಡುಗೀರೇ, ಮೊದಲು ಐಡಿಯಾ ಕಾಗದದ ಮೇಲೆ ಗಟ್ಟಿ ಮಾಡಿ, ಆಮೇಲೆ ಕಂಪನಿ, ತಡ ಮಾಡದೆ ಅರ್ಜಿ. ಮುಂದಿನ ವಾರ ಸಿಗೋಣ.