ಲೀಗ್ ಶುರುವಾಗುವ ಮುನ್ನ: ಬೆಂಗಳೂರು ಎಫ್‌ಸಿಯ ಎದುರಾಳಿಗಳು

ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಭಾರತದ ವೃತ್ತಿಪರ ಫುಟ್‌ಬಾಲಿನ ಮೇಲ್ದರ್ಜೆಯ ಸ್ಪರ್ಧೆ. 2014ರಲ್ಲಿ 8 ತಂಡಗಳೊಂದಿಗೆ ಆರಂಭವಾದ ಈ ಲೀಗಿನಲ್ಲಿ 2024–25ರ ಹೊತ್ತಿಗೆ 13 ತಂಡಗಳಾದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಐ–ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಲೀಗನ್ನು ಎರಡು ಸಲ ಗೆದ್ದು, 2017ರಲ್ಲಿ ಇಲ್ಲಿಗೆ ಬಂದು ಸೇರಿತು. ಪ್ರತಿ ವರ್ಷ ಲೀಗ್ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಅಭಿಮಾನಿಗಳ ನಡುವೆ ಚರ್ಚೆಯಾಗುವುದು ಒಂದೇ ವಿಷಯ: ಈ ಸಲ ಎದುರಾಳಿಗಳಲ್ಲಿ ಯಾರು ಗಟ್ಟಿ, ಯಾರು ಸಡಿಲ? ಈ ಪ್ರಶ್ನೆಗೆ ಉತ್ತರ ಹುಡುಕಲು ಲೀಗಿನ ಇತಿಹಾಸವೇ ಒಳ್ಳೆಯ ಅಳತೆಗೋಲುಗಳನ್ನು ಕೊಟ್ಟಿದೆ.

ಮೊದಲು ಲೀಗಿನ ವ್ಯವಸ್ಥೆ ತಿಳಿದಿರಬೇಕು. 2024–25ರಲ್ಲಿ ಪ್ರತಿ ತಂಡವೂ ಉಳಿದ 12 ತಂಡಗಳೊಂದಿಗೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿತು. ಒಟ್ಟು 24 ಪಂದ್ಯ. ಅತಿ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಲೀಗ್ ಶೀಲ್ಡ್. ಮೊದಲ ಆರು ತಂಡಗಳಿಗೆ ಕಪ್‌ಗಾಗಿ ಸೆಣಸುವ ಅವಕಾಶ. ಅವುಗಳಲ್ಲಿ ಮೊದಲೆರಡು ನೇರವಾಗಿ ಸೆಮಿಫೈನಲಿಗೆ ಹೋದವು. ಮೂರರಿಂದ ಆರನೆಯ ಸ್ಥಾನದವರು ಒಂದೊಂದು ಪಂದ್ಯ ಆಡಿ ಗೆದ್ದು ಬರಬೇಕಿತ್ತು. ಆ ಪಂದ್ಯ ಮೇಲಿನ ಸ್ಥಾನದ ತಂಡದ ತವರಿನಲ್ಲಿ ನಡೆಯಿತು. ಹೀಗಾಗಿ ಪಟ್ಟಿಯಲ್ಲಿ ಒಂದು ಸ್ಥಾನ ಮೇಲಿದ್ದರೂ ಅದಕ್ಕೆ ಬೆಲೆಯಿತ್ತು.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. 2021–22ರಿಂದ ಒಂದು ತಂಡ ಏಕಕಾಲಕ್ಕೆ ಮೈದಾನಕ್ಕಿಳಿಸಬಹುದಾದ ವಿದೇಶಿ ಆಟಗಾರರು ನಾಲ್ವರು ಮಾತ್ರ. ಅಂದರೆ ಹನ್ನೊಂದರಲ್ಲಿ ಕನಿಷ್ಠ ಏಳು ಮಂದಿ ಭಾರತೀಯರೇ ಆಗಿರಬೇಕು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ವಿದೇಶಿ ಸ್ಟ್ರೈಕರ್‌ನ ಹೆಸರು. ಆದರೆ ಋತುವಿನ ಉದ್ದಕ್ಕೂ ತಂಡವನ್ನು ಹೊರುವುದು ಭಾರತೀಯ ಆಟಗಾರರ ಗುಂಪು ಮತ್ತು ಅದನ್ನು ಒಗ್ಗೂಡಿಸುವ ಕೋಚ್. ಎದುರಾಳಿಯನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ಇವೆರಡನ್ನು.

ಇದಕ್ಕೆ 2020ರ ಸಂಗತಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 2019–20ರ ಶೀಲ್ಡ್ ಎಫ್‌ಸಿ ಗೋವಾ ಪಾಲಾಯಿತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು, ಸಣ್ಣ ಪಾಸುಗಳಿಂದ ಎದುರಾಳಿಯನ್ನು ದಣಿಸುವ ಆ ಆಟವನ್ನು ಕಟ್ಟಿದವರು ಸ್ಪೇನಿನ ಕೋಚ್ ಸೆರ್ಜಿಯೊ ಲೊಬೆರಾ. ಋತು ಮುಗಿಯುವ ಮೊದಲೇ ಅವರನ್ನು ಗೋವಾ ಕೈಬಿಟ್ಟಿತು. ಮುಂದಿನ ಋತುವಿಗೆ ಅವರು ಮುಂಬೈ ಸಿಟಿಗೆ ಹೋದರು. ಅವರ ಹಿಂದೆಯೇ ಮುರ್ತಾದಾ ಫಾಲ್, ಅಹ್ಮದ್ ಜಾಹು, ಹ್ಯೂಗೊ ಬೂಮೂ ಮತ್ತು ಮಂದಾರ್ ರಾವ್ ದೇಸಾಯಿ ಕೂಡ ಗೋವಾ ಬಿಟ್ಟು ಮುಂಬೈ ಸೇರಿದರು. ಹಿಂದಿನ ವರ್ಷ ಮೊದಲ ನಾಲ್ಕರೊಳಗೂ ಬಾರದಿದ್ದ ಮುಂಬೈ 2020–21ರಲ್ಲಿ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. ಆಟಗಾರರ ವರ್ಗಾವಣೆಯ ಪಟ್ಟಿಯನ್ನು ಋತುವಿಗೆ ಮುನ್ನವೇ ಗಮನವಿಟ್ಟು ಓದಿದವರಿಗೆ ಈ ಗೆಲುವಿನ ಸುಳಿವು ಸಿಕ್ಕಿತ್ತು.

ಈಗ ಎದುರಾಳಿಗಳನ್ನು ಒಂದೊಂದಾಗಿ ನೋಡಬಹುದು. 2024–25ರ ಪಟ್ಟಿಯ ತುದಿಯಲ್ಲಿದ್ದುದು ಕೋಲ್ಕತ್ತದ ಮೋಹನ್ ಬಾಗಾನ್. 1889ರಲ್ಲಿ ಸ್ಥಾಪನೆಯಾದ, 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಮಣಿಸಿ ಐಎಫ್ಎ ಶೀಲ್ಡ್ ಗೆದ್ದ ಕ್ಲಬ್ ಇದು. 2023–24ರಲ್ಲಿ ಆಂಟೋನಿಯೊ ಹಬಾಸ್ ಕೈಕೆಳಗೆ ಶೀಲ್ಡ್ ಗೆದ್ದಿತು. ಮರುವರ್ಷ ಕೋಚ್ ಬದಲಾಗಿ ಹೋಸೆ ಮೊಲಿನಾ ಬಂದರೂ 56 ಅಂಕಗಳೊಂದಿಗೆ ಶೀಲ್ಡನ್ನು ಉಳಿಸಿಕೊಂಡಿತು. ಅದಕ್ಕೂ ಮೊದಲು ಯಾವ ತಂಡವೂ ಶೀಲ್ಡನ್ನು ಸತತ ಎರಡು ವರ್ಷ ಗೆದ್ದಿರಲಿಲ್ಲ. ಗೋಲ್‌ಕೀಪರ್ ವಿಶಾಲ್ ಕೈತ್, ನಾಯಕ ಶುಭಾಶಿಶ್ ಬೋಸ್, ಮುನ್ನುಗ್ಗುವ ಮನ್‌ವೀರ್ ಸಿಂಗ್ ಮತ್ತು ಲಿಸ್ಟನ್ ಕೊಲಾಸೊ ಎರಡೂ ಋತುಗಳಲ್ಲಿ ಅಲ್ಲೇ ಇದ್ದರು. ಗಟ್ಟಿ ಬುಡ ಅಲುಗಾಡದೆ ಇದ್ದುದರಿಂದಲೇ ಆಸ್ಟ್ರೇಲಿಯಾದ ಜೇಮಿ ಮೆಕ್ಲಾರೆನ್ ಥರದ ಗೋಲುಗಾರ ಬಂದಾಗ ಆಟ ಸಲೀಸಾಗಿ ಹೊಂದಿಕೊಂಡಿತು.

ಆದರೂ ಈ ತಂಡ ಸೋಲರಿಯದ್ದೇನಲ್ಲ. 2024ರ ಸೆಪ್ಟೆಂಬರ್ 28ರಂದು ತನ್ನ ತವರಾದ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಅದನ್ನು 3–0 ಅಂತರದಿಂದ ಸೋಲಿಸಿತು. ಎಡ್ಗರ್ ಮೆಂಡೆಜ್ ಮತ್ತು ಸುರೇಶ್ ವಾಂಗ್ಜಾಮ್ ಮೊದಲ 20 ನಿಮಿಷಗಳಲ್ಲೇ ಎರಡು ಗೋಲು ಹೊಡೆದರು. ವಿರಾಮದ ನಂತರ ಸುನಿಲ್ ಛೆಟ್ರಿ ಪೆನಾಲ್ಟಿಯಿಂದ ಮೂರನೆಯದನ್ನು ಸೇರಿಸಿದರು. ಅದೇ ಎರಡು ತಂಡಗಳು 2025ರ ಏಪ್ರಿಲ್ 12ರಂದು ಕಪ್ ಫೈನಲಿನಲ್ಲಿ ಎದುರಾದಾಗ ಅಂಗಣ ಕೋಲ್ಕತ್ತದ ಸಾಲ್ಟ್ ಲೇಕ್. ಬೆಂಗಳೂರು ಮೊದಲು ಮುನ್ನಡೆ ಪಡೆದರೂ ಜೇಸನ್ ಕಮ್ಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಮೆಕ್ಲಾರೆನ್ ಗೋಲಿನಿಂದ ಪಂದ್ಯ 2–1ಕ್ಕೆ ಮುಗಿಯಿತು. ಶೀಲ್ಡ್ ಗೆದ್ದವರ ತವರಿನಲ್ಲಿ ಫೈನಲ್ ಆಡಬೇಕಾಗಿ ಬಂದದ್ದು ಬೆಂಗಳೂರಿಗೆ ಕಷ್ಟವಾಯಿತು.

ಗೋವಾ 2024–25ರಲ್ಲಿ 48 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆಯಿತು. ಆಗ ಅದರ ಕೋಚ್ ಮನೋಲೊ ಮಾರ್ಕೆಜ್. 2021–22ರಲ್ಲಿ ಹೈದರಾಬಾದಿಗೆ ಕಪ್ ಗೆದ್ದುಕೊಟ್ಟವರು. ಸೆಮಿಫೈನಲಿನ ಮೊದಲ ಪಂದ್ಯವನ್ನು ಬೆಂಗಳೂರು ತವರಿನಲ್ಲಿ 2–0ರಿಂದ ಗೆದ್ದಿತ್ತು. ಮರುಪಂದ್ಯದಲ್ಲಿ ಗೋವಾ ಎರಡು ಗೋಲು ಹೊಡೆದು ಲೆಕ್ಕ ಚುಕ್ತಾ ಮಾಡಿತು. ಪಂದ್ಯ ಮುಗಿಯಲು ಕ್ಷಣಗಳಿರುವಾಗ ಛೆಟ್ರಿ ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು ಫೈನಲಿಗೆ ದಾಟಿಸಿತು. ಗೋವಾದೆದುರು ಎರಡು ಗೋಲುಗಳ ಮುನ್ನಡೆಯೂ ನೆಮ್ಮದಿಯದಲ್ಲ ಎಂಬುದು ಆ ರಾತ್ರಿಯ ಪಾಠ.

ಮುಂಬೈ ಸಿಟಿಯಲ್ಲಿ 2019ರಲ್ಲಿ ಹೆಚ್ಚಿನ ಪಾಲು ಕೊಂಡದ್ದು ಮ್ಯಾಂಚೆಸ್ಟರ್ ಸಿಟಿಯ ಒಡೆತನವಿರುವ ಸಿಟಿ ಫುಟ್‌ಬಾಲ್ ಗ್ರೂಪ್. ಮಿಜೋರಾಮಿನ ಲಾಲಿಯನ್‌ಜುವಾಲಾ ಛಾಂಗ್ಟೆ ಅದರ ವೇಗದ ಆಟಗಾರ. 2024ರಲ್ಲಿ ಕಪ್ ಗೆದ್ದ ಮೇಲೆ ರಾಹುಲ್ ಭೇಕೆ, ಆಲ್ಬರ್ಟೊ ನೊಗೆರಾ, ಹೋರ್ಗೆ ಪೆರೆರಾ ಡಿಯಾಜ್ ಮೂವರೂ ಮುಂಬೈ ಬಿಟ್ಟು ಬೆಂಗಳೂರಿಗೆ ಬಂದರು. ಭೇಕೆ ಬೆಂಗಳೂರಿಗೆ ಹೊಸಬರಲ್ಲ. 2019ರ ಫೈನಲಿನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ತಂಡಕ್ಕೆ ಮೊದಲ ಐಎಸ್ಎಲ್ ಕಪ್ ತಂದವರು. 2023–24ರಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿದಿದ್ದ ಬೆಂಗಳೂರು ಮರುವರ್ಷ ಮೂರನೆಯದಾಯಿತು. ಕಪ್ ಸುತ್ತಿನಲ್ಲಿ ಮುಂಬೈಯನ್ನೇ 5–0ಯಿಂದ ಮಣಿಸಿತು. ಎದುರಾಳಿ ಕಳೆದುಕೊಂಡದ್ದು ಮತ್ತು ತಾನು ಪಡೆದದ್ದು, ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ದಕ್ಷಿಣದ ನೆರೆಯವರ ವಿಷಯ ಬೇರೆ. ಅಲ್ಲಿ ಅಂಕಗಳ ಜೊತೆಗೆ ಹಳೆಯ ಲೆಕ್ಕಗಳೂ ಇವೆ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲಿನಲ್ಲಿ ಚೆನ್ನೈಯಿನ್ ಎಫ್‌ಸಿ 3–2ರಿಂದ ಗೆದ್ದಿತು. ಲೀಗ್ ಹಂತದಲ್ಲಿ ಬೆಂಗಳೂರು ಚೆನ್ನೈಗಿಂತ 8 ಅಂಕ ಮುಂದಿತ್ತು. ಆದರೆ ಆ ಸಂಜೆ ಗ್ರೆಗರಿ ನೆಲ್ಸನ್ ಹೊಡೆದ ಎರಡು ಕಾರ್ನರ್‌ಗಳಿಗೆ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಗೊಟ್ಟು ಗೋಲು ಗಳಿಸಿದರು. ನಿಂತ ಚೆಂಡಿನಿಂದ ಬರುವ ಅಪಾಯವನ್ನು ಕಡೆಗಣಿಸಿದರೆ ಇಡೀ ಋತುವಿನ ದುಡಿಮೆ ಒಂದು ಸಂಜೆಯಲ್ಲಿ ನೀರುಪಾಲಾಗಬಹುದು.

ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಮೂರು ಸಲ ಫೈನಲ್ ತಲುಪಿಯೂ ಕಪ್ ಗೆದ್ದಿಲ್ಲ. ಆದರೆ ಹಳದಿ ಬಣ್ಣದ ಅದರ ಮಂಜಪ್ಪಡ ಅಭಿಮಾನಿ ಬಳಗದಷ್ಟು ದೊಡ್ಡ ಗದ್ದಲ ಎಬ್ಬಿಸುವವರು ಲೀಗಿನಲ್ಲಿ ವಿರಳ. ಕಂಠೀರವದ ಪಶ್ಚಿಮ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗಕ್ಕೆ ವರ್ಷದ ಅತಿ ಬಿಸಿ ಪಂದ್ಯ ಇವರ ಜೊತೆಗಿನದೇ. 2023ರ ಮಾರ್ಚ್ 3ರ ಕಪ್ ಸುತ್ತಿನ ಪಂದ್ಯದಲ್ಲಿ ಕೇರಳದವರು ಗೋಡೆ ಕಟ್ಟುವುದರೊಳಗೆ ಛೆಟ್ರಿ ಫ್ರೀ ಕಿಕ್ ಹೊಡೆದು ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು, ಪಂದ್ಯ ಬೆಂಗಳೂರಿನದಾಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ ಬಿತ್ತು. 2024ರ ಡಿಸೆಂಬರಿನಲ್ಲಿ 40 ವರ್ಷದ ಛೆಟ್ರಿ ಇದೇ ತಂಡದೆದುರು ಹ್ಯಾಟ್ರಿಕ್ ಹೊಡೆದರು. ಇಂಥ ಪಂದ್ಯಗಳಲ್ಲಿ ಅಂಕಪಟ್ಟಿಯ ಅಂತರ ಲೆಕ್ಕಕ್ಕೆ ಬರುವುದಿಲ್ಲ.

ಲೀಗಿಗೆ ಮುನ್ನ ನಡೆಯುವ ಡುರಾಂಡ್ ಕಪ್ ಇನ್ನೊಂದು ಅಳತೆಗೋಲು. 1888ರಲ್ಲಿ ಶುರುವಾದ ಈ ಪಂದ್ಯಾವಳಿಯಲ್ಲಿ ತಂಡಗಳು ಹೊಸ ಆಟಗಾರರನ್ನು ಪರೀಕ್ಷಿಸುತ್ತವೆ. 2024ರಲ್ಲಿ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ಮೋಹನ್ ಬಾಗಾನನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಅದನ್ನು ಗೆದ್ದು, ಲೀಗಿನಲ್ಲೂ ನಾಲ್ಕನೆಯದಾಯಿತು. ಅದರ ಮೊರಾಕ್ಕೊ ಆಟಗಾರ ಅಲಾದ್ದೀನ್ ಅಜರಾಯಿ 23 ಗೋಲು ಹೊಡೆದು ಒಂದೇ ಋತುವಿನ ದಾಖಲೆ ಬರೆದರು. ಆದರೆ ಕಪ್ ಸುತ್ತಿನಲ್ಲಿ ಖಾಲಿದ್ ಜಮೀಲ್ ತರಬೇತಿಯ ಜಮ್ಶೆಡ್‌ಪುರ 2–0ಯಿಂದ ಆ ತಂಡವನ್ನು ಹೊರಗೆ ಕಳಿಸಿತು. ಒಬ್ಬರನ್ನೇ ನೆಚ್ಚಿದ ದಾಳಿಯನ್ನು ಕಟ್ಟುನಿಟ್ಟಾದ ರಕ್ಷಣೆ ತಡೆಯಬಲ್ಲದು.

ಉಳಿದ ತಂಡಗಳ ಪೈಕಿ ಪಂಜಾಬ್ ಎಫ್‌ಸಿ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್ ಐ–ಲೀಗ್ ಗೆದ್ದು ಮೇಲೆ ಬಂದವು. ಈಸ್ಟ್ ಬೆಂಗಾಲ್ ಮತ್ತು ಒಡಿಶಾ ಎಫ್‌ಸಿ ತವರಿನಲ್ಲಿ ಯಾರಿಗೂ ಸುಲಭದ ತುತ್ತಲ್ಲ. ಹೈದರಾಬಾದಿನ ಕತೆ ಮಾತ್ರ ಎಚ್ಚರಿಕೆಯಂತಿದೆ: 2022ರಲ್ಲಿ ಕಪ್, 2023ರಲ್ಲಿ ಪಟ್ಟಿಯಲ್ಲಿ ಎರಡನೆಯ ಸ್ಥಾನ, 2024ರಲ್ಲಿ ಹಣದ ಮುಗ್ಗಟ್ಟಿಗೆ ಸಿಲುಕಿ ಕೊನೆಯ ಸ್ಥಾನ. ಹಿಂದಿನ ವರ್ಷದ ಅಂಕಪಟ್ಟಿಯನ್ನೇ ನಂಬಿ ಮುಂದಿನ ವರ್ಷವನ್ನು ಊಹಿಸಬಾರದೆಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಲೀಗಿಗೆ ಮುಂಚೆ ಎದುರಾಳಿಯನ್ನು ಅಳೆಯುವಾಗ ಈ ಕ್ರಮ ಅನುಸರಿಸುವುದು ಒಳಿತು. ಮೊದಲು, ಭಾರತೀಯ ಆಟಗಾರರ ಬುಡ ಉಳಿದಿದೆಯೇ ಎಂದು ನೋಡಬೇಕು. ಎರಡನೆಯದು ಕೋಚ್ ಯಾರು, ಅವರ ಜೊತೆ ಬಂದವರು ಯಾರು ಎಂಬುದು. ಮೂರನೆಯದು ಕ್ಲಬ್ಬಿನ ಹಣಕಾಸಿನ ಸ್ಥಿತಿ. ವಿದೇಶಿ ಸ್ಟ್ರೈಕರ್‌ನ ಸರದಿ ನಾಲ್ಕನೆಯದು. 2024–25ನ್ನು ಈ ಕ್ರಮದಲ್ಲಿ ನೋಡಿದರೆ ಬೆಂಗಳೂರಿಗೆ ಶೀಲ್ಡಿನ ಹಾದಿಯಲ್ಲಿ ಮೋಹನ್ ಬಾಗಾನ್ ಮತ್ತು ಗೋವಾ ಅಡ್ಡ ನಿಂತವು. ಮೊದಲ ಆರರ ಸ್ಥಾನಕ್ಕೆ ಮುಂಬೈ, ಜಮ್ಶೆಡ್‌ಪುರ, ನಾರ್ತ್‌ಈಸ್ಟ್ ಪೈಪೋಟಿ ಕೊಟ್ಟವು. ದೊಡ್ಡ ತಂಡಗಳನ್ನು ಕಂಠೀರವದಲ್ಲಿ ಮಣಿಸುವುದರ ಜೊತೆಗೆ ಪಟ್ಟಿಯ ಕೆಳಗಿನ ತಂಡಗಳಿಂದ ಹೊರಗಿನ ಅಂಗಣಗಳಲ್ಲೂ ಅಂಕ ಗಳಿಸಿದಾಗ ಮಾತ್ರ ಆ ವ್ಯವಸ್ಥೆಯಲ್ಲಿ ಕಪ್ ಸುತ್ತಿನ ನಿರ್ಣಾಯಕ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಲು ಸಾಧ್ಯವಿತ್ತು.